ಹೆಬ್ಬೆರಳು

ಕುದಿಯುವ ಕಡಾಯಿಯಿಂದ ತೆಗೆದ ಪಾಕವನ್ನು ಗಾಜಿನ ಮೇಲೆ ಸವರಿ ಎಲಾದಿಯೊ ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಹದ ಬಂದಿತ್ತು. ಈಗ ಕಡಾಯಿಯ ತಳದ ಬಾಯಿ ತೆಗೆದು ಪಾಕ ಇಳಿಸದಿದ್ದರೆ ಅಷ್ಟೂ ಸಕ್ಕರೆ ಒಳಗೇ ಕಲ್ಲಾಗುತ್ತದೆ. ಮೂವತ್ತು ವರ್ಷದಿಂದ ಆ ಕಾರ್ಖಾನೆಗೆ ಹದ ಹೇಳುತ್ತಿದ್ದುದು ಆ ಬೆರಳೊಂದೇ. ಅವನು ಹದ ಹೇಳದೆ ಅದನ್ನು ಪ್ಯಾಂಟಿಗೆ ಒರೆಸಿಕೊಂಡ.

"ಆಯ್ತೇನಯ್ಯಾ?" ಎಂದ ಅಮೆರಿಕದ ಮ್ಯಾನೇಜರ್ ವಿಟ್‌ಕಂಬ್.

"ಕೂಲಿ ಜಾಸ್ತಿ ಕೇಳಿದ್ರು ಅಂತ ಕಬ್ಬು ಕಡಿಯೋ ಮೂವರನ್ನ ಗೋದಾಮಲ್ಲಿ ಕೂಡಿಹಾಕಿದೀರಲ್ಲ ಮಿಸ್ಟರ್, ಮೊದಲು ಅವರನ್ನ ಬಿಡಿ."

"ಅದನ್ನ ನಿನ್ನ ಕೇಳಿ ಮಾಡಬೇಕಾ? ಗದ್ದೆ ಕಂಪನೀದು. ರೈಲು ಕಂಪನೀದು, ಬಂದರೂ ಕಂಪನೀದೇ. ಅಲ್ಲಿ ನಿಂತಿರೋ ಯುದ್ಧದ ಹಡಗು ನಮ್ಮ ದೇಶದ್ದು. ಈ ಕ್ಯೂಬಾದಲ್ಲಿ ನಿಮ್ಮದು ಅಂತ ಏನಿದೆ ಹೇಳು ನೋಡೋಣ."

ಎಲಾದಿಯೊ ಗಾಜನ್ನು ಅವನ ಕೈಗಿತ್ತ. "ಹಾಗಾದ್ರೆ ಹದಾನೂ ಕಂಪನೀನೇ ನೋಡ್ಕೊಳ್ಳಲಿ."

ವಿಟ್‌ಕಂಬ್ ಉಜ್ಜಿದ. ಅವನ ನುಣುಪು ಹೆಬ್ಬೆರಳಿಗೆ ಪಾಕ ಅಂಟಿಕೊಂಡಿತೇ ಹೊರತು ಏನೂ ತಿಳಿಯಲಿಲ್ಲ. ಮತ್ತೆ ಉಜ್ಜಿದ. ಕಡಾಯಿಯೊಳಗಿನ ಕುದಿತದ ಸದ್ದು ನಿಧಾನವಾಗಿ ಭಾರವಾಗುತ್ತಿತ್ತು. ಕೆಳಗೆ ಬಾಯಿ ತೆಗೆಯುವ ಸನ್ನೆಗೋಲು ಹಿಡಿದು ನಿಂತಿದ್ದ ಫೆರ್ಮಿನ್ ಕೂಗಿ ಕೇಳಿದ: "ಮೇಸ್ತ್ರಿ, ತೆಗೀಲಾ?"

"ನನ್ನ ಯಾಕೋ ಕೇಳ್ತೀಯಾ? ಮಾಲೀಕರು ಇಲ್ಲೇ ಇದಾರಲ್ಲ, ಅವರನ್ನೇ ಕೇಳು."

ಫೆರ್ಮಿನ್‌ಗೆ ಅರ್ಥವಾಯಿತು. ಅವನು ಸನ್ನೆಗೋಲು ಬಿಟ್ಟು ಕೈಕಟ್ಟಿ ನಿಂತ.

ವಿಟ್‌ಕಂಬ್ ಇಬ್ಬರನ್ನೂ ನೋಡಿದ, ಕಡಾಯಿಯನ್ನು ನೋಡಿದ. ಆಮೇಲೆ ಅಂಟುಗೈಯನ್ನೇ ಬಿಳಿ ಕೋಟಿನ ಜೇಬಿಗೆ ಹಾಕಿ ಗೋದಾಮಿನ ಬೀಗದಕೈ ಹುಡುಕತೊಡಗಿದ.