ಮುಷ್ಟಿಯಲ್ಲಿದ್ದ ಮೂರೆಲೆ

ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತ ಆಡುತ್ತಲೇ ಅವಳ ಗಂಡ ಸತ್ತುಹೋದ. ಆಸ್ಪತ್ರೆಯಲ್ಲಿ ನರ್ಸು ಅವನ ಮುಷ್ಟಿ ಬಿಡಿಸಿ, ಒಳಗಿದ್ದ ಮೂರು ಎಲೆಗಳನ್ನು ಅವಳ ಕೈಗಿಟ್ಟಳು. ಮೂವತ್ತು ವರ್ಷ ಬರೀ ಸೋತು ಮನೆಗೆ ಬಂದ ಮನುಷ್ಯ ಕೊನೆಯ ಆಟವನ್ನಾದರೂ ಗೆದ್ದನೋ ಇಲ್ಲವೋ ಎಂಬುದೊಂದೇ ಅವಳನ್ನು ಕೊರೆಯುತ್ತಿತ್ತು. ಹದಿಮೂರನೆಯ ದಿನ ಹೋಳಿಗೆ ಊಟ ಮುಗಿಸಿ ಹೊರಟಿದ್ದ ಗಂಡನ ಕ್ಲಬ್ಬಿನ ಗೆಳೆಯನನ್ನು ಪಡಸಾಲೆಯಲ್ಲೇ ತಡೆದು ಕೂರಿಸಿದಳು.

“ನಿಮ್ಮ ಮೂರೆಲಿ ಆಟದಾಗ ಯಾವುದು ದೊಡ್ಡದು, ಯಾವುದು ಸಣ್ಣದು, ಹೇಳ್ರಿ.”

“ಈಗ್ಯಾಕ್ರೀ ವೈನಿ ಅದೆಲ್ಲಾ?”

“ಹೇಳ್ರಿ ಅಂದ್ರ ಹೇಳ್ರಿ.”

“ಮೂರೂ ಒಂದೇ ಥರ ಬಂದ್ರ, ಮೂರು ರಾಜಾ, ಎಲ್ಲಕ್ಕೂ ಮ್ಯಾಲೆ ಮೂರು ಎಕ್ಕಾ, ಅದರ ಮುಂದ ಯಾವುದೂ ಇಲ್ಲ. ಆಮ್ಯಾಲೆ ನಾಕು, ಐದು, ಆರು ಅಂತ ಸಾಲಾಗಿ ಬಂದದ್ದು. ಆಮ್ಯಾಲೆ ಕಲರ್, ಮೂರೂ ಇಸ್ಪೀಟೋ, ಮೂರೂ ಆಟಿನ್ನೋ. ಕಡೀಕ ಜೋಡಿ.”

“ಇದ್ಯಾವುದೂ ಇಲ್ಲದಿದ್ರ?”

“ಸೋತೆ ಅಂತ ಎಲಿ ಒಗದು ಎದ್ದು ಹೋಗಿ ಚಹಾ ಕುಡೀಬೇಕ್ರಿ.”

ಅವಳು ಪಂಚಾಂಗದ ಹಾಳೆಗಳ ನಡುವಿನಿಂದ ಎಲೆಗಳನ್ನು ತೆಗೆದು ಹರವಿದಳು. ಇಸ್ಪೀಟಿನ ಎರಡು, ಆಟಿನ್ ಏಳು, ಕಳಾವರ್ ಗುಲಾಮ.

“ನೋಡ್ರಿ, ಹೋಗೂ ಮುಂದೂ ಸೋತೇ ಹೋದ್ರು.”

ಗೆಳೆಯ ಎಲೆಗಳನ್ನೇ ದಿಟ್ಟಿಸಿದ. ಆಮೇಲೆ ಪಟಪಟನೆ ಹಣೆ ಚಚ್ಚಿಕೊಂಡ.

“ಎಲ್ಲೀ ಸೋಲು ವೈನಿ, ಗೆದ್ದ ಭಾಡ್ಯಾ! ನನ್ನ ಕಡೆ ಮೂರು ರಾಣಿ ಇದ್ವು. ಅಂವ ಎದಿ ಹಿಡಕೊಂಡು ಬೆವರೂದು ನೋಡಿ, ಇವಗ ಮೂರು ಎಕ್ಕಾನ ಬಿದ್ದಾವ ಅಂತ ಎಲ್ಲಾರೂ ಎಲಿ ಒಗದುಬಿಟ್ವಿ.”