ಗಂಧದ ಹಾರ

ಕಾಲೇಜಿನ ಪ್ರವೇಶ ಕೌಂಟರಿನಲ್ಲಿ ಕೋರ್ಸಿನ ಹೆಸರು ಒತ್ತಿದರೆ, ಆ ಓದಿನಿಂದ ಮುಂದೆ ಸಿಗುವ ಕೆಲಸ ಮುಗಿಯುವ ದಿನದ ಬೀಳ್ಕೊಡುಗೆಯ ಚಿತ್ರ ಪರದೆಯ ಮೇಲೆ ಬರುತ್ತದೆ. ಎಲ್ಲರೂ ಅದನ್ನು ನೋಡಿಯೇ ಸಹಿ ಹಾಕುವುದು. ರೋಹಿಣಿ ಸಸ್ಯಶಾಸ್ತ್ರ ಒತ್ತಿದಳು. ತಲೆ ನರೆತ ರೋಹಿಣಿ, ಹತ್ತಿಯ ಶಾಲು, ಕಿತ್ತಳೆ ಹಣ್ಣಿನ ಬುಟ್ಟಿ, ಚಪ್ಪಾಳೆ ತಟ್ಟಲು ನಾಲ್ಕೇ ಜನ.

“ಇಷ್ಟೇನಾ?” ಎಂದ ಅಪ್ಪ ಶಿವನಂಜಪ್ಪ ತಾವೇ ಎಂಜಿನಿಯರಿಂಗ್ ಒತ್ತಿದರು. ತುಂಬಿದ ಸಭಾಂಗಣ, ವೇದಿಕೆಯ ಮೇಲೆ ದಪ್ಪನೆಯ ಗಂಧದ ಹಾರ. “ಬೀಳ್ಕೊಡುಗೆ ಅಂದ್ರೆ ಇದು, ಮಗಳೇ.”

ಕೌಂಟರಿನ ಹೆಂಗಸು ಮೆಲ್ಲಗೆ ಹೇಳಿದಳು: “ಸರ್, ಹಾರ ಹಾಕಿರೋದು ಕಟ್ಟು ಹಾಕ್ಸಿದ ಇವರ ಫೋಟೊಗೆ. ಮುಂದೆ ದೀಪ ಹಚ್ಚಿಟ್ಟಿದಾರೆ. ವಯಸ್ಸು ನಲವತ್ತೊಂದು ಅಂತಿದೆ.”

ಶಿವನಂಜಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ರೋಹಿಣಿ ಅವರ ಮುಖವನ್ನೇ ನೋಡುತ್ತಿದ್ದಳು.

“ಹೆಸರಿನ ಕೆಳಗೆ ಹುದ್ದೆ ಏನು ಬರ್ದಿದೆ, ಓದಮ್ಮ.”

“ಚೀಫ್ ಎಂಜಿನಿಯರ್, ಸರ್.”

ಅವರು ಜೇಬಿನಿಂದ ಪೆನ್ನು ತೆಗೆದು ಮಗಳ ಕೈಗೆ ಕೊಟ್ಟರು.