ಎಡಕ್ಕೆ ಎಳೆಯುವ ಜೀಪು

ಕ್ವಾರಿ ದಾರಿಯ ಕಲ್ಲುಗಳಿಗೆ ಜೀಪಿನ ತಳ ಉಜ್ಜದಿರಲೆಂದು ಈರಸಂಗಪ್ಪ ಗ್ಯಾರೇಜಿನಲ್ಲಿ ಅದರ ಸಸ್ಪೆನ್ಷನ್ ಎತ್ತರಿಸಿಕೊಂಡು, ಚಕ್ರಗಳ ಅಲೈನ್‌ಮೆಂಟನ್ನೂ ಮಾಡಿಸಿದ್ದ. ಮರುದಿನ ಬೆಳಿಗ್ಗೆಯಿಂದಲೇ ಗಾಡಿ ಎಡಕ್ಕೆ ಎಳೆಯತೊಡಗಿತು. ಸಿಟ್ಟು ನೆತ್ತಿಗೇರಿ, ಹೆಂಡತಿ ಕಸ್ತೂರಿಯನ್ನೂ ಕೂರಿಸಿಕೊಂಡು ಮತ್ತೆ ಗ್ಯಾರೇಜಿಗೆ ಬಂದ.

“ಏನ್ ಮಾಡೀಯೋ ದಾವಲಸಾಬ? ಎಡಕ್ಕ ಎಳ್ಯಾಕತ್ತೈತಿ. ಇನ್ನೊಂಚೂರಾಗಿದ್ರ ಗಟಾರದಾಗ ಬೀಳ್ತಿದ್ವಿ!”

ಮೆಕ್ಯಾನಿಕ್ ದಾವಲಸಾಬ ಜೀಪನ್ನು ಅಲೈನ್‌ಮೆಂಟ್ ಯಂತ್ರಕ್ಕೆ ಹಾಕಿ ಮತ್ತೊಮ್ಮೆ ಪರೀಕ್ಷಿಸಿದ. “ಎಲ್ಲಾ ಬರೋಬ್ಬರಿ ಐತ್ರಿ ಸಾವ್ಕಾರ್ರ.”

“ಹಂಗಾರ ನಾ ಸುಳ್ಳು ಹೇಳಾಕತ್ತೀನೇನು?”

ಜಗಳ ಬೆಳೆಯುವುದು ಬೇಡವೆಂದು ಕಸ್ತೂರಿ ತಾನೇ ಜೀಪನ್ನು ಬೈಪಾಸಿಗೆ ಓಡಿಸಿದಳು. ಖಾಲಿ ರಸ್ತೆಯಲ್ಲಿ ಸ್ಟೀರಿಂಗಿನಿಂದ ಕೈ ತೆಗೆದು ನೋಡಿದಳು. ಜೀಪು ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು.

ಪಕ್ಕದಲ್ಲಿದ್ದ ಈರಸಂಗಪ್ಪನಿಗೆ ಮೈಯೆಲ್ಲ ಉರಿಯಿತು. “ನಾ ಹೊಡದಾಗಷ್ಟ ಎಳೀತೈತೇನಿದು? ಸರಿ ಅತ್ತಾಗ!” ಎಂದು ಗಾಡಿ ನಿಲ್ಲಿಸಲು ಹೇಳಿ, ಜಾಗ ಬದಲಿಸಿ ತಾನೇ ಸ್ಟೀರಿಂಗ್ ಹಿಡಿದ. ನೂರು ಮಾರು ಹೋಗುವಷ್ಟರಲ್ಲಿ ಜೀಪು ಮತ್ತೆ ಎಡಕ್ಕೆ ಎಳೆಯಿತು.

“ನೋಡಿದೆಲ್ಲ? ಈಗರೆ ನಂಬತೀಯಿಲ್ಲೋ?”

ಕಸ್ತೂರಿ ಅವನ ಕೈಗಳನ್ನೇ ನೋಡುತ್ತಿದ್ದಳು.

“ಗಾಡಿ ನಿಂದ್ರಸ್ರಿ.”

ಅವನು ನಿಲ್ಲಿಸಿದ.

“ಈಗ ಎರಡೂ ಕೈ ಮ್ಯಾಲೆತ್ರಿ.”

“ನಿನಗೇನ ತಲಿ ಕೆಟ್ಟೈತೇನ?” ಎಂದು ಸಿಡುಕುವಾಗ ಅವನ ನಾಲಿಗೆ ತೊದಲಿತು. ಆದರೂ ಕೈಗಳನ್ನು ಎತ್ತಿದ.

ಬಲಗೈ ಮೇಲೇರಿತು, ಎಡಗೈ ಅರ್ಧಕ್ಕೆ ಬಂದು, ತಾನಾಗಿಯೇ ಇಳಿದು ತೊಡೆಯ ಮೇಲೆ ಬಿತ್ತು.